ಕೇಳಿ ಬರೆದ ವಿದ್ಯೆ: ಶಿಯಾ ಹದೀಸ್ ಪರಂಪರೆಯ ‘ಅಮಾಲಿ’ ಗ್ರಂಥಗಳು

ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ‘ಉಕ್ತಲೇಖನ’ವೆಂಬುದು ಪರಿಚಿತವಾದ ಮಾತು. ಗುರುಗಳು ಹೇಳುವರು, ಮಕ್ಕಳು ಬರೆಯುವರು, ಗುರುಗಳು ತಪ್ಪು ತಿದ್ದುವರು. ಇದನ್ನೇ ಉರ್ದು ಶಾಲೆಗಳಲ್ಲಿ ‘ಇಮ್ಲಾ’ ಎಂದು ಕರೆಯುತ್ತಾರೆ. ಇದು ಅರಬ್ಬಿ ಶಬ್ದ; ಹೇಳಿ ಬರೆಯಿಸುವುದು ಎಂದು ಇದರ ಅರ್ಥ. ಇದರ ಬಹುವಚನವೇ ‘ಅಮಾಲಿ’.

ಇನ್ನೊಂದು ಶಬ್ದವನ್ನೂ ಆರಂಭದಲ್ಲಿಯೇ ನೆನೆಯಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಹಬ್ಬದ ಕಾಲಕ್ಕೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಪದ್ಧತಿಯುಂಟು. ಆ ಹಾಡುಗಳಿಗೆ ‘ರಿವಾಯತ್ ಪದ’ಗಳೆಂದು ಹೆಸರು. ಹಾಡುವವರಲ್ಲಿಯೂ ಹೆಜ್ಜೆ ಹಾಕುವವರಲ್ಲಿಯೂ ಹಿಂದೂಗಳು ಮುಸಲ್ಮಾನರು ಕೂಡಿಯೇ ಇರುತ್ತಾರೆ. ‘ರಿವಾಯತ್’ ಎಂದರೆ ಒಬ್ಬರಿಂದ ಕೇಳಿದುದನ್ನು ಇನ್ನೊಬ್ಬರಿಗೆ ಒಪ್ಪಿಸುವುದು. ಹಾಗೆ ಒಪ್ಪಿಸುವವನು ‘ರಾವಿ’. ನಮ್ಮ ಹಳ್ಳಿಯ ಅಲಾಯಿ ಕುಣಿಯ ಸುತ್ತ ಕೇಳಿಬರುವ ಈ ಶಬ್ದವು ಸಾವಿರ ವರ್ಷಗಳ ಹಿಂದೆ ಬಗದಾದು, ನಿಶಾಪುರ, ನಜಫ್ ನಗರಗಳ ವಿದ್ವತ್ಸಭೆಗಳಲ್ಲಿ ಒಂದು ಶಾಸ್ತ್ರದ ಪಾರಿಭಾಷಿಕ ಪದವಾಗಿತ್ತು. ಆ ಸಭೆಗಳಲ್ಲಿ ಗುರುಗಳು ಹೇಳಿ ಶಿಷ್ಯರು ಬರೆದ ಗ್ರಂಥಗಳೇ ‘ಅಮಾಲಿ’ಗಳು. ಇವುಗಳಲ್ಲಿ ಶಿಯಾ ಪರಂಪರೆಯ ಕೆಲವು ಮುಖ್ಯ ಗ್ರಂಥಗಳನ್ನು ಪರಿಚಯಿಸಿ, ಅವುಗಳಿಂದ ಅಧ್ಯಾಪಕವೃತ್ತಿಯವರಾದ ನಾವು ಗ್ರಹಿಸಬೇಕಾದ ಒಂದು ವಿಷಯವನ್ನು ನಿವೇದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದೀಸಿನ ಎರಡು ಅಂಗಗಳು

ಪ್ರವಾದಿ ಮುಹಮ್ಮದರ ನುಡಿ ಹಾಗೂ ನಡೆಗಳ ವರದಿಗೆ ‘ಹದೀಸ್’ ಎಂದು ಹೆಸರು. ಶಿಯಾ ಸಂಪ್ರದಾಯದಲ್ಲಿ ಪ್ರವಾದಿಗಳ ವಚನಗಳೊಡನೆ ಅವರ ಮನೆತನದವರಾದ ಇಮಾಮರ ವಚನಗಳಿಗೂ ಹದೀಸಿನ ಸ್ಥಾನವುಂಟು. ಶಿಯಾಗಳಲ್ಲಿ ಹನ್ನೆರಡು ಇಮಾಮರನ್ನು ಒಪ್ಪುವ ಶಾಖೆಗೆ ‘ಇಮಾಮಿಯಾ’ ಎನ್ನುತ್ತಾರೆ. ಇಲ್ಲಿ ಹೇಳಲಿರುವ ಗ್ರಂಥಕರ್ತರೆಲ್ಲರೂ ಆ ಶಾಖೆಯವರು.

ಒಂದೊಂದು ಹದೀಸಿಗೂ ಎರಡು ಅಂಗಗಳಿರುತ್ತವೆ. ಮೊದಲನೆಯದು ‘ಇಸ್ನಾದ್’, ಎಂದರೆ ಹೇಳಿದವರ ಸರಪಣಿ. ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದ್ದರು ಎಂದು ಹೆಸರಿನ ಮೇಲೆ ಹೆಸರು ಹೇಳುತ್ತ ಮೂಲವಕ್ತೃವಿನವರೆಗೆ ಹೋಗುವ ಪಟ್ಟಿ ಅದು. ಎರಡನೆಯದು ‘ಮತ್ನ್’, ಎಂದರೆ ವಚನದ ಮುಖ್ಯಪಾಠ. ಸರಪಣಿಯಿಲ್ಲದ ಪಾಠಕ್ಕೆ ವಿದ್ವತ್ಸಭೆಯಲ್ಲಿ ಗೌರವವಿಲ್ಲ. ವಿಷಯವು ಎಷ್ಟೇ ಸುಂದರವಾಗಿರಲಿ, ‘ಯಾರಿಂದ ಕೇಳಿದಿರಿ?’ ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು.

ಗ್ರಂಥವನ್ನು ನೋಡಿ ನಕಲು ಮಾಡಿಕೊಂಡರೆ ಸಾಲದೆ, ಗುರುಮುಖದಿಂದಲೇ ಏಕೆ ಕೇಳಬೇಕು? ಇದಕ್ಕೆ ಲಿಪಿಯಲ್ಲಿಯೇ ಒಂದು ಕಾರಣವಿದೆ. ಅರಬ್ಬಿಯಲ್ಲಿ ಬ, ತ, ನ ಮೊದಲಾದ ಅಕ್ಷರಗಳು ಪದದ ನಡುವೆ ಬಂದಾಗ ಒಂದೇ ರೂಪದಲ್ಲಿರುತ್ತವೆ. ಮೇಲೆ ಕೆಳಗೆ ಇಡುವ ಚುಕ್ಕಿಗಳಿಂದ ಮಾತ್ರ ಅವುಗಳ ಭೇದ. ಹಳೆಯ ಬರಹಗಾರರು ಈ ಚುಕ್ಕಿಗಳನ್ನು ಅನೇಕ ವೇಳೆ ಬಿಟ್ಟುಬಿಡುತ್ತಿದ್ದರು. ಹ್ರಸ್ವಸ್ವರಗಳನ್ನಂತೂ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಆದುದರಿಂದ ಬರೆದುದನ್ನು ಮಾತ್ರ ನೋಡಿ ಓದಿದವನು ಒಬ್ಬನ ಹೆಸರನ್ನು ಇನ್ನೊಬ್ಬನ ಹೆಸರೆಂದು ಓದುವ ಅಪಾಯವಿತ್ತು. ಓಲೆಗರಿಯ ಪ್ರತಿಗಳಲ್ಲಿ ಪಕಾರ ವಕಾರಗಳ ನಡುವೆ ತೊಳಲಾಡಿದ ನಮಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಬಂದ ಸಂದೇಹವನ್ನು ಕಿವಿಯು ಕಳೆಯಬೇಕು. ಕಿವಿಗೆ ಬಿದ್ದುದನ್ನು ಲೇಖನಿಯು ಕಾಪಾಡಬೇಕು. ಇವೆರಡರ ಸಂಗಮವೇ ಇಮ್ಲಾ.

ಸಭೆಯ ಕ್ರಮ

ಹೇಳಿ ಬರೆಯಿಸುವ ಪದ್ಧತಿಯು ಶಿಯಾಗಳಿಗೆ ಮಾತ್ರ ಮೀಸಲಾಗಿರಲಿಲ್ಲ; ಸುನ್ನಿ ವಿದ್ವಾಂಸರಲ್ಲಿಯೂ ವೈಯಾಕರಣರಲ್ಲಿಯೂ ಪ್ರಚಾರದಲ್ಲಿತ್ತು. ಕ್ರಿ.ಶ. 1166ರಲ್ಲಿ ತೀರಿಕೊಂಡ ಮರ್ವ್ ನಗರದ ಸಮ್‌ಆನೀ ಎಂಬ ಸುನ್ನಿ ಪಂಡಿತರು ಹೇಳುವವನ ಮತ್ತು ಬರೆಯುವವನ ಮರ್ಯಾದೆಗಳನ್ನು ಕುರಿತು ಒಂದು ಪ್ರತ್ಯೇಕ ಗ್ರಂಥವನ್ನೇ ರಚಿಸಿದ್ದಾರೆ.

ಸಭೆಗೆ ‘ಮಜ್ಲಿಸ್’ ಎಂದು ಹೆಸರು. ಅಮಾಲಿ ಗ್ರಂಥಗಳಿಗೆ ‘ಮಜಾಲಿಸ್’, ಎಂದರೆ ಸಭೆಗಳು, ಎಂಬ ಇನ್ನೊಂದು ಹೆಸರು ಬಂದುದು ಇದರಿಂದಲೇ. ಗೊತ್ತಾದ ದಿನ ಗೊತ್ತಾದ ಸ್ಥಳದಲ್ಲಿ, ಮಸೀದಿಯಲ್ಲಿಯೋ ಗೃಹಸ್ಥರೊಬ್ಬರ ಮನೆಯಲ್ಲಿಯೋ, ಗುರುಗಳು ಆಸನಸ್ಥರಾಗುತ್ತಿದ್ದರು. ಶಿಷ್ಯರು ಕಾಗದ, ದೌತಿ, ಲೇಖನಿಗಳೊಡನೆ ಕುಳಿತುಕೊಳ್ಳುತ್ತಿದ್ದರು. ಜನ ಹೆಚ್ಚಾಗಿ ಗುರುಗಳ ಧ್ವನಿಯು ಹಿಂದಿನ ಸಾಲಿಗೆ ಮುಟ್ಟದಿದ್ದಲ್ಲಿ ‘ಮುಸ್ತಮ್ಲೀ’ ಎಂಬವನು ಎದ್ದು ನಿಂತು ಅವರ ಮಾತನ್ನು ಅಕ್ಷರ ತಪ್ಪದಂತೆ ಎತ್ತರದ ದನಿಯಲ್ಲಿ ಪುನರುಚ್ಚರಿಸುತ್ತಿದ್ದನು. ಗುರುಗಳನ್ನು ಉದ್ದೇಶಿಸಿ, ತಾವು ಇದನ್ನು ಯಾರಿಂದ ಹೇಳುತ್ತಿರುವಿರಿ ಎಂದು ವಿನಯಪೂರ್ವಕವಾಗಿ ಕೇಳುವ ಕರ್ತವ್ಯವೂ ಅವನದೇ. ಗುರುವನ್ನು ಪ್ರಶ್ನಿಸುವುದು ಅವಿನಯವೆಂದು ಆ ಸಭೆಯು ಭಾವಿಸಲಿಲ್ಲ. ಆ ಪ್ರಶ್ನೆಯಿಂದಲೇ ಪಾಠವು ಆರಂಭವಾಗುತ್ತಿತ್ತು.

ಬರೆದುಕೊಂಡ ಮೇಲೆ ಪ್ರತಿಯನ್ನು ಮತ್ತೊಮ್ಮೆ ಓದಿ ತಾಳೆ ನೋಡುವುದು ವಿಹಿತವಾಗಿತ್ತು. ಹೀಗೆ ಕೇಳಿದವನಿಗೆ ಅದನ್ನು ಮುಂದಿನವರಿಗೆ ಹೇಳುವ ಅಧಿಕಾರ ಬರುತ್ತಿತ್ತು. ಆ ಅಧಿಕಾರಕ್ಕೆ ಒಂದು ನಿಬಂಧನೆಯೂ ಇತ್ತು. ಅವನು ಗುರುವಿನ ಹೆಸರನ್ನು ಮೊದಲು ಹೇಳಿಯೇ ಪಾಠವನ್ನು ಹೇಳಬೇಕು.

ಶೇಖ್ ಸದೂಕ್: ದಾರಿಯಲ್ಲಿ ನಡೆದ ಪಾಠ

ಈ ಪ್ರಕಾರದ ಪ್ರಸಿದ್ಧ ಶಿಯಾ ಗ್ರಂಥಗಳಲ್ಲಿ ಮೊದಲು ಸ್ಮರಿಸತಕ್ಕುದು ಶೇಖ್ ಸದೂಕರ ಅಮಾಲಿ. ಇಬ್ನ್ ಬಾಬವೈಹ್ ಎಂಬುದು ಅವರ ವಂಶನಾಮ. ಇರಾನಿನ ಕುಮ್ ನಗರದ ವಿದ್ವಾಂಸರ ಮನೆತನ ಅವರದು. ಇಮಾಮಿಯಾ ಶಾಖೆಯು ಆಧಾರಗ್ರಂಥಗಳೆಂದು ಭಾವಿಸುವ ನಾಲ್ಕು ಹದೀಸ್ ಸಂಗ್ರಹಗಳಲ್ಲಿ ಒಂದನ್ನು ರಚಿಸಿದವರು ಇವರು. ಕ್ರಿ.ಶ. 991ರಲ್ಲಿ, ಇಂದಿನ ತೆಹರಾನಿಗೆ ಹೊಂದಿದ ರಯ್ ಪಟ್ಟಣದಲ್ಲಿ ಕಾಲವಾದರು.

ಇವರ ಅಮಾಲಿಯಲ್ಲಿ 97 ಸಭೆಗಳಿವೆ. ಹಿಜರಿ 367ರ ರಜಬ್ ತಿಂಗಳಲ್ಲಿ ಆರಂಭವಾಗಿ 368ರ ಶಾಬಾನ್ ತಿಂಗಳಲ್ಲಿ ಮುಗಿದ ಈ ಪಾಠಕ್ಕೆ ಹಿಡಿದ ಕಾಲ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು. ಕ್ರಿಸ್ತಶಕದ ಲೆಕ್ಕದಲ್ಲಿ ಅದು 978-979. ಬಹುಮಟ್ಟಿಗೆ ಮಂಗಳವಾರ ಹಾಗೂ ಶುಕ್ರವಾರಗಳಂದು ಪಾಠ ನಡೆಯುತ್ತಿತ್ತು. ಪ್ರತಿಯೊಂದು ಸಭೆಯ ತಲೆಯಲ್ಲಿ ವಾರ, ತಿಥಿ, ತಿಂಗಳು, ವರ್ಷಗಳನ್ನು ಬರೆದಿಟ್ಟಿರುವುದರಿಂದ ಒಬ್ಬ ವಿದ್ವಾಂಸರ ಒಂದು ವರ್ಷದ ದಿನಚರಿಯೇ ನಮ್ಮ ಮುಂದೆ ತೆರೆದಂತಾಗುತ್ತದೆ. ಕೆಲವು ಸಭೆಗಳು ನಿಶಾಪುರದಲ್ಲಿ ನಡೆದಿವೆ. ಕೆಲವು ತೂಸ್ ಪ್ರಾಂತದಲ್ಲಿರುವ ಎಂಟನೆಯ ಇಮಾಮ್ ಅಲೀ ರಿಜಾ ಅವರ ಸಮಾಧಿಸ್ಥಾನದಲ್ಲಿ, ಎಂದರೆ ಇಂದಿನ ಮಶ್‌ಹದಿನಲ್ಲಿ, ನಡೆದಿವೆ. ಗುರುಗಳು ಯಾತ್ರೆ ಹೊರಟರು. ಪಾಠವೂ ಅವರೊಡನೆ ಹೊರಟಿತು.

ಈ ಗ್ರಂಥದಲ್ಲಿ ವಿಷಯಾನುಕ್ರಮಣಿಕೆಯನ್ನು ಹುಡುಕುವವನು ನಿರಾಶನಾಗುವನು. ದಾನದ ಮಹಿಮೆಯ ಪಕ್ಕದಲ್ಲಿ ಉಪವಾಸದ ವಿಚಾರ, ಅದರ ಪಕ್ಕದಲ್ಲಿ ಇಮಾಮರೊಬ್ಬರ ಜೀವನಪ್ರಸಂಗ ಬಂದುಬಿಡುತ್ತದೆ. ಆದರೆ ಪಂಚಾಂಗವನ್ನು ಮುಂದಿಟ್ಟುಕೊಂಡು ಓದಿದರೆ ಅನೇಕ ಕಡೆ ಕ್ರಮವು ಗೋಚರಿಸುತ್ತದೆ. ಅಲೀ ಅವರನ್ನು ಪ್ರವಾದಿಗಳು ತಮ್ಮ ಉತ್ತರಾಧಿಕಾರಿಯೆಂದು ಸಾರಿದರೆಂದು ಶಿಯಾಗಳು ನಂಬುವ ಗದೀರ್ ದಿನದಂದು, ಸದೂಕರು ಮಶ್‌ಹದಿನಲ್ಲಿ ಪಾಠ ಹೇಳಿದ್ದಾರೆ. 368ರ ಮೊಹರಂ ತಿಂಗಳು ಬಂದೊಡನೆ ಪಾಠವು ಕರ್ಬಲಾದ ಕಡೆಗೆ ತಿರುಗುತ್ತದೆ. ಕ್ರಿ.ಶ. 680ರಲ್ಲಿ ಅಲ್ಲಿ ನಡೆದ ಇಮಾಮ್ ಹುಸೇನರ ಬಲಿದಾನದ ವೃತ್ತಾಂತವನ್ನು ಅವರು ಮೊಹರಂ ಒಂಬತ್ತು, ಹತ್ತನೆಯ ದಿನಗಳ ಸಭೆಗಳಲ್ಲಿ ಹೇಳಿ ಬರೆಯಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದು ಶೋಕದ ದಿನ. ಕೇಳುವವರ ಹೃದಯ ಮೊದಲೇ ಕರಗಿದೆ. ಅಂಥ ದಿನದಂದು ಏನು ಹೇಳಿದರೂ ಒಪ್ಪುವ ಸಭೆ ಅದು. ಆದರೂ ಗುರುಗಳು ಕಥೆಯನ್ನು ನೇರವಾಗಿ ಆರಂಭಿಸದೆ, ತಮಗೆ ಹೇಳಿದವರ ಹೆಸರುಗಳನ್ನು ಮೊದಲು ಹೇಳುತ್ತಾರೆ. ಶೋಕವೂ ಸಾಕ್ಷ್ಯದ ಋಣದಿಂದ ಬಿಡುಗಡೆ ಪಡೆಯಲಿಲ್ಲ. ಹಳ್ಳಿಯ ಹಾಡಿಗೆ ‘ರಿವಾಯತ್’ ಎಂಬ ಹೆಸರನ್ನು ಉಳಿಸಿಕೊಂಡಿರುವ ನಾವು ಆ ಹೆಸರಿನ ಹಿಂದಿರುವ ಈ ಶಿಸ್ತನ್ನು ಅರಿತರೆ ಅದರ ಬೆಲೆ ಇಮ್ಮಡಿಯಾಗುವುದು.

ಗ್ರಂಥದ 93ನೆಯ ಸಭೆಗೆ ವಿಶೇಷ ಮಹತ್ವವಿದೆ. ನಿಶಾಪುರದ ಆ ಸಭೆಯಲ್ಲಿ ಸದೂಕರು ಇಮಾಮಿಯಾ ಶಾಖೆಯ ನಂಬಿಕೆಗಳನ್ನೂ ಆಚರಣೆಗಳನ್ನೂ ಸಂಗ್ರಹವಾಗಿ ಹೇಳಿ ಬರೆಯಿಸಿದ್ದಾರೆ. ಉಳಿದ ಸಭೆಗಳಲ್ಲಿ ಬಿಡಿಬಿಡಿಯಾಗಿದ್ದುದು ಇಲ್ಲಿ ಒಂದು ಕೈಪಿಡಿಯ ರೂಪವನ್ನು ತಾಳಿದೆ.

ಶೇಖ್ ಮುಫೀದ್ ಮತ್ತು ಶರೀಫ್ ಮುರ್ತಜಾ

ಸದೂಕರು ಬಗದಾದಿಗೆ ಬಂದಿದ್ದಾಗ ಅವರಿಂದ ಹದೀಸನ್ನು ಕೇಳಿದವರಲ್ಲಿ ಶೇಖ್ ಮುಫೀದರು ಒಬ್ಬರು. ‘ಮುಫೀದ್’ ಎಂದರೆ ಉಪಕಾರವನ್ನುಂಟುಮಾಡುವವನು. ಅದು ಅವರಿಗೆ ಬಂದ ಬಿರುದು. ಶಿಯಾಗಳಾದ ಬುವೈಹೀ ಅರಸರು ಬಗದಾದಿನಲ್ಲಿ ಅಧಿಕಾರ ನಡೆಸುತ್ತಿದ್ದ ಕಾಲ ಅದು. ಇಮಾಮಿಯಾ ವಿದ್ವತ್ತಿಗೆ ಅನುಕೂಲ ಒದಗಿತ್ತಾದರೂ ನಗರದಲ್ಲಿ ಪಂಗಡಗಳ ಕಲಹವೂ ಕಡಮೆಯಿರಲಿಲ್ಲ. ಮುಫೀದರು ಕೆಲವೊಮ್ಮೆ ನಗರವನ್ನು ಬಿಟ್ಟು ಹೋಗಬೇಕಾಗಿ ಬಂದಿತ್ತು.

ಅವರ ಅಮಾಲಿಯಲ್ಲಿ 42 ಸಭೆಗಳಿವೆ. ಹಿಜರಿ 404ರಿಂದ 411ರ ವರೆಗೆ, ಎಂದರೆ ಕ್ರಿ.ಶ. 1014ರಿಂದ 1021ರ ವರೆಗೆ, ಇವು ಹರಡಿಕೊಂಡಿವೆ. ಹೆಚ್ಚಿನವು ರಮಜಾನ್ ತಿಂಗಳಲ್ಲಿ ನಡೆದವು. ಸದೂಕರದು ಒಂದು ವರ್ಷದ ನಿರಂತರ ಪ್ರವಾಹವಾದರೆ, ಮುಫೀದರದು ವರ್ಷಕ್ಕೊಮ್ಮೆ ಉಪವಾಸದ ತಿಂಗಳಲ್ಲಿ ಉಕ್ಕುವ ಒರತೆ. ಒಂದು ವರ್ಷ ನಿಂತ ಪಾಠ ಮರುವರ್ಷವೋ ಅದರಾಚೆಯೋ ಮುಂದುವರಿಯುತ್ತದೆ. ಎಂಟು ವರ್ಷಗಳ ಈ ಟಿಪ್ಪಣಿಗಳನ್ನು ಜೋಪಾನವಾಗಿಟ್ಟುಕೊಂಡ ಶಿಷ್ಯರ ತಾಳ್ಮೆಯನ್ನು ಮೆಚ್ಚಲೇಬೇಕು.

ಮುಫೀದರನ್ನು ಕುರಿತು ಒಂದು ಪ್ರತೀತಿಯಿದೆ. ಪ್ರವಾದಿಗಳ ಮಗಳಾದ ಫಾತಿಮಾ ಅವರು ತಮ್ಮ ಇಬ್ಬರು ಬಾಲಕರ ಕೈಹಿಡಿದು ತಂದು, ಇವರಿಗೆ ವಿದ್ಯೆ ಕಲಿಸಿರೆಂದು ಹೇಳಿದಂತೆ ಒಂದು ರಾತ್ರಿ ಅವರಿಗೆ ಕನಸಾಯಿತಂತೆ. ಬೆಳಗಾಗುತ್ತಲೇ ಫಾತಿಮಾ ಎಂಬ ಹೆಸರಿನ ಒಬ್ಬ ತಾಯಿ ತನ್ನಿಬ್ಬರು ಮಕ್ಕಳನ್ನು ಕರೆತಂದು ಅದೇ ಮಾತನ್ನು ಹೇಳಿದಳಂತೆ. ಆ ಮಕ್ಕಳೇ ಮುಂದೆ ವಿಖ್ಯಾತರಾದ ಶರೀಫ್ ಮುರ್ತಜಾ ಮತ್ತು ಶರೀಫ್ ರಜೀ ಸಹೋದರರು. ಶಾಲೆಗೆ ಬಂದ ಪ್ರತಿಯೊಂದು ಮಗುವನ್ನೂ ಯಾವ ಭಾವದಿಂದ ಬರಮಾಡಿಕೊಳ್ಳಬೇಕೆಂಬುದನ್ನು ಈ ಕಥೆ ಸೂಚಿಸುತ್ತದೆ.

ಕ್ರಿ.ಶ. 1044ರಲ್ಲಿ ಕಾಲವಾದ ಮುರ್ತಜಾ ಅವರ ಅಮಾಲಿಯು 80 ಸಭೆಗಳ ಗ್ರಂಥ. ಇದರ ಸ್ವರೂಪವೇ ಬೇರೆ. ಕುರಾನಿನ ಕ್ಲಿಷ್ಟವಾಕ್ಯಗಳ ವಿವರಣೆ, ಹದೀಸಿನ ಅರ್ಥಚರ್ಚೆ, ಅರಬ್ಬಿ ಕಾವ್ಯದ ರಸವಿಮರ್ಶೆ ಇವೆಲ್ಲ ಇಲ್ಲಿ ಬೆರೆತಿವೆ. ಇದನ್ನು ಹದೀಸ್ ಸಂಗ್ರಹವೆನ್ನುವುದಕ್ಕಿಂತ ಸಾಹಿತ್ಯಮೀಮಾಂಸೆಯ ಉಪನ್ಯಾಸಮಾಲೆ ಎನ್ನುವುದು ಯುಕ್ತ. ‘ಅಮಾಲಿ’ ಎಂಬ ಹೆಸರು ಪಾಠ ಹೇಳಿದ ರೀತಿಯನ್ನು ಸೂಚಿಸುವುದೇ ಹೊರತು ವಿಷಯವನ್ನಲ್ಲ ಎಂಬುದಕ್ಕೆ ಇದೇ ನಿದರ್ಶನ.

ಶೇಖ್ ತೂಸಿ: ಸುಟ್ಟ ಪೀಠ, ಸುಡದ ಪಾಠ

ಈ ಪರಂಪರೆಯ ಮುಂದಿನ ಕೊಂಡಿ ಶೇಖ್ ತೂಸಿ. ಕ್ರಿ.ಶ. 995ರಲ್ಲಿ ಜನಿಸಿದ ಇವರು ಹಿಜರಿ 408ರಲ್ಲಿ, ತಾರುಣ್ಯದಲ್ಲಿಯೇ, ಬಗದಾದಿಗೆ ಬಂದು ಮುಫೀದರಲ್ಲಿಯೂ ತರುವಾಯ ಮುರ್ತಜಾರಲ್ಲಿಯೂ ಅಧ್ಯಯನ ಮಾಡಿದರು. ಮೇಲೆ ಹೇಳಿದ ನಾಲ್ಕು ಆಧಾರಗ್ರಂಥಗಳಲ್ಲಿ ಎರಡು ಇವರವೇ. ಮುರ್ತಜಾರ ಕಾಲಾನಂತರ ಬಗದಾದಿನ ಇಮಾಮಿಯಾ ವಿದ್ವಾಂಸರಿಗೆ ಇವರೇ ಅಗ್ರಗಣ್ಯರಾದರು.

ಬಗದಾದಿನ ಕರ್ಖ್ ಭಾಗದಲ್ಲಿ ಬುವೈಹೀ ಅರಸರ ಮಂತ್ರಿಯಾಗಿದ್ದ ಸಾಬೂರ್ ಇಬ್ನ್ ಅರ್ದಶೀರ್ ಎಂಬವರು ಸ್ಥಾಪಿಸಿದ ಜ್ಞಾನಶಾಲೆಯೊಂದಿತ್ತು. ಹತ್ತು ಸಾವಿರಕ್ಕೂ ಮಿಗಿಲಾದ ಗ್ರಂಥಗಳು ಅಲ್ಲಿದ್ದುವೆಂದು ಇತಿಹಾಸಕಾರರು ಬರೆದಿದ್ದಾರೆ. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಒಂದೊಂದು ಗ್ರಂಥವೂ ಒಬ್ಬೊಬ್ಬರ ಕೈಬರಹ ಎಂಬುದನ್ನು ನೆನೆದರೆ ಆ ಸಂಖ್ಯೆಯ ಭಾರ ತಿಳಿಯುತ್ತದೆ. ಕ್ರಿ.ಶ. 1055ರಲ್ಲಿ ಸೆಲ್ಜೂಕ್ ದೊರೆ ತುಘ್ರಿಲ್ ಬೇಗನು ಬಗದಾದನ್ನು ಹೊಕ್ಕನು. ಬುವೈಹೀ ಆಳ್ವಿಕೆ ಮುಗಿಯಿತು. ಅನಂತರದ ಗಲಭೆಗಳಲ್ಲಿ ಆ ಗ್ರಂಥಭಾಂಡಾರ ಬೆಂಕಿಗೆ ಆಹುತಿಯಾಯಿತು. ತೂಸಿಯವರ ಮನೆಯನ್ನು ಲೂಟಿ ಮಾಡಿದರು, ಪುಸ್ತಕಗಳನ್ನು ಸುಟ್ಟರು, ಅವರು ಕುಳಿತು ಪಾಠ ಹೇಳುತ್ತಿದ್ದ ಪೀಠವನ್ನೂ ಬೀದಿಗೆ ತಂದು ಸುಟ್ಟರು. ಪುಸ್ತಕವನ್ನು ಸುಟ್ಟವರಿಗೆ ಮರದ ಪೀಠದಲ್ಲೇನು ದ್ವೇಷ? ಗ್ರಂಥವನ್ನು ಸುಟ್ಟರೂ ಪೀಠದಲ್ಲಿ ಕುಳಿತವನು ಮತ್ತೆ ಹೇಳಬಲ್ಲನೆಂಬುದನ್ನು ಅವರೂ ಬಲ್ಲವರಾಗಿದ್ದರೆಂದು ತೋರುತ್ತದೆ.

ತೂಸಿಯವರು ಬಗದಾದನ್ನು ತೊರೆದು ಇಮಾಮ್ ಅಲೀ ಅವರ ಸಮಾಧಿಯಿರುವ ನಜಫಿಗೆ ಹೋದರು. ಹಿಜರಿ 455ರಿಂದ 458ರ ವರೆಗೆ, ಎಂದರೆ ಕ್ರಿ.ಶ. 1063ರಿಂದ 1066ರ ವರೆಗೆ, ಸುಮಾರು ಎಪ್ಪತ್ತರ ಸಮೀಪದ ಆ ವೃದ್ಧ ಗುರುಗಳು ಅಲ್ಲಿ ಹೇಳಿ ಬರೆಯಿಸಿದ ಪಾಠಗಳೇ ಅವರ ಅಮಾಲಿ. ಅದರ ಮೊದಲ ಭಾಗಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಅವರ ಗುರುಗಳಾದ ಮುಫೀದರದು. ಆ ವೇಳೆಗೆ ಮುಫೀದರು ತೀರಿಕೊಂಡು ನಾಲ್ವತ್ತು ವರ್ಷಗಳು ದಾಟಿದ್ದವು. ಅವರ ನಗರ ಕೈತಪ್ಪಿತ್ತು, ಭಾಂಡಾರ ಬೂದಿಯಾಗಿತ್ತು. ಆದರೂ ಶಿಷ್ಯನು ಬಾಯಿ ತೆರೆದಾಗ ಮೊದಲು ಬಂದುದು ಗುರುವಿನ ಹೆಸರು. ಆ ಗುರುವಿನ ಹೆಸರಿನ ಹಿಂದೆ ಕೆಲವೆಡೆ ಸದೂಕರ ಹೆಸರು. ಕುಮ್ಮಿನಲ್ಲಿ ಹುಟ್ಟಿದ ಒಬ್ಬರ ಮಾತು ಬಗದಾದಿನ ಒಬ್ಬರ ಕಿವಿಯನ್ನು ಹಾದು ನಜಫಿನಲ್ಲಿ ಮೂರನೆಯವರ ನಾಲಗೆಯಲ್ಲಿ ಉಳಿದಿತ್ತು. ತೂಸಿಯವರ ಮಗ ಅಬೂ ಅಲೀ ಅದನ್ನು ಮುಂದಿನ ತಲೆಮಾರಿಗೆ ಒಪ್ಪಿಸಿದರು. ತೂಸಿಯವರು 1067ರಲ್ಲಿ ನಜಫಿನಲ್ಲಿಯೇ ಕಾಲವಾದರು. ಆ ಊರು ಇಂದಿಗೂ ಶಿಯಾ ವಿದ್ಯೆಯ ಮಹಾಕೇಂದ್ರಗಳಲ್ಲಿ ಒಂದಾಗಿದೆ.

ಗುಣ ಮತ್ತು ಮಿತಿ

ಈ ಗ್ರಂಥಗಳಲ್ಲಿ ಇರುವುದೆಲ್ಲವೂ ಸಮಾನವಾಗಿ ಪ್ರಮಾಣವೆಂದು ಶಿಯಾ ವಿದ್ವಾಂಸರೇ ಹೇಳುವುದಿಲ್ಲ. ಒಂದು ಸರಪಣಿ ಗಟ್ಟಿಯಾಗಿರಬಹುದು, ಇನ್ನೊಂದರಲ್ಲಿ ಕೊಂಡಿ ಸಡಿಲವಾಗಿರಬಹುದು. ಹೇಳಿದವನು ನಂಬತಕ್ಕವನೇ, ಅವನು ತನ್ನ ಗುರುವನ್ನು ನಿಜವಾಗಿ ಕಂಡಿದ್ದನೇ ಎಂಬುದನ್ನು ಪರೀಕ್ಷಿಸಲು ‘ರಿಜಾಲ್’ ಎಂಬ ಪ್ರತ್ಯೇಕ ಶಾಸ್ತ್ರವೇ ಬೆಳೆಯಿತು. ತೂಸಿಯವರೂ ಅವರ ಸಮಕಾಲೀನರಾದ ನಜಾಶಿಯವರೂ ಈ ವಿಷಯದಲ್ಲಿ ರಚಿಸಿದ ಗ್ರಂಥಗಳು ಇಂದಿಗೂ ಬಳಕೆಯಲ್ಲಿವೆ. ಹೆಸರುಗಳ ಸರಪಣಿಯ ಪ್ರಯೋಜನವೇ ಇದು. ಅದು ಮಾತನ್ನು ಸತ್ಯವೆಂದು ಸ್ಥಾಪಿಸುವುದಿಲ್ಲ. ಮುಂದಿನವರು ಪರೀಕ್ಷಿಸಲು ಬಾಗಿಲನ್ನು ತೆರೆದಿಡುತ್ತದೆ. ಹೆಸರು ಹೇಳದೆ ಹೇಳಿದ ಮಾತನ್ನು ನಂಬಬಹುದು ಅಥವಾ ಬಿಡಬಹುದು. ಪರೀಕ್ಷಿಸಲು ಮಾತ್ರ ಬರುವುದಿಲ್ಲ.

ವಿಷಯಕ್ರಮವಿಲ್ಲವೆಂಬ ಕೊರತೆಯನ್ನು ಮುಂದಿನವರು ತುಂಬಿದರು. ಕ್ರಿ.ಶ. 1699ರಲ್ಲಿ ತೀರಿಕೊಂಡ ಇರಾನಿನ ಅಲ್ಲಾಮಾ ಮಜ್ಲಿಸೀ ಅವರು ‘ಬಿಹಾರುಲ್ ಅನ್ವಾರ್’ ಎಂಬ ಬೃಹತ್ಸಂಗ್ರಹದಲ್ಲಿ ಈ ಅಮಾಲಿಗಳ ಹದೀಸುಗಳನ್ನು ವಿಷಯಾನುಸಾರವಾಗಿ ಹಂಚಿ ಜೋಡಿಸಿದ್ದಾರೆ. ಅಲ್ಲಿ ಹುಡುಕುವುದು ಸುಲಭ. ಆದರೆ ಅದು ಯಾವ ವಾರ, ಯಾವ ಊರಿನಲ್ಲಿ, ಯಾವ ಹಬ್ಬದ ಹಿಂದುಮುಂದೆ ನುಡಿದ ಮಾತು ಎಂಬುದನ್ನು ತಿಳಿಯಬೇಕಾದರೆ ಮೂಲದ ಅಮಾಲಿಗೇ ಮರಳಬೇಕು.

ಒಂದು ನಿವೇದನೆ

ಇಲ್ಲಿ ನನ್ನ ಅನುಭವದ ಒಂದು ಸಂಗತಿಯನ್ನು ಹೇಳಿಕೊಳ್ಳಲು ವಾಚಕರು ಅನುಮತಿಸಬೇಕು. ಅನೇಕ ವರ್ಷಗಳ ಹಿಂದೆ ಹಳಗನ್ನಡ ಕಾವ್ಯದ ಪದ್ಯವೊಂದನ್ನು ಪಾಠ ಹೇಳುವಾಗ ಅಚ್ಚಿನ ಪುಸ್ತಕದಲ್ಲಿದ್ದ ಒಂದು ಶಬ್ದವು ನನಗೆ ಸಮಂಜಸವೆನಿಸಲಿಲ್ಲ. ಬೇರೊಂದು ಪಾಠವನ್ನು ಹೇಳಿ, ‘ಇದೇ ಸರಿಯಾದುದು, ಬರೆದುಕೊಳ್ಳಿ’ ಎಂದೆನು. ಅದು ಯಾವ ಓಲೆಯಲ್ಲಿಯೂ ಇದ್ದುದಲ್ಲ, ನನ್ನ ಗುರುಗಳು ಹೇಳಿದುದೂ ಅಲ್ಲ, ನನ್ನ ಊಹೆ. ಊಹೆಯೆಂದು ನಾನು ಹೇಳಲಿಲ್ಲ. ಮಕ್ಕಳು ಬರೆದುಕೊಂಡರು.

ಬಹುಕಾಲದ ಮೇಲೆ ಆ ತರಗತಿಯ ವಿದ್ಯಾರ್ಥಿಯೊಬ್ಬರು, ಸ್ವತಃ ಅಧ್ಯಾಪಕರಾದವರು, ಹಳೆಯ ನೋಟು ಪುಸ್ತಕವನ್ನು ಹಿಡಿದು ನನ್ನ ಮನೆಗೆ ಬಂದರು. ಪುಟದ ಅಂಚಿನಲ್ಲಿ ಆ ದಿನದ ತಾರೀಖು. ಕೆಳಗೆ ನನ್ನ ಹೆಸರು. ಎದುರಿಗೆ ಆ ಶಬ್ದ. ‘ಗುರುಗಳೇ, ಇದನ್ನು ನನ್ನ ಮಕ್ಕಳಿಗೂ ಹೀಗೆಯೇ ಹೇಳಿಕೊಡುತ್ತಿದ್ದೇನೆ. ಇದು ಯಾವ ಪ್ರತಿಯ ಪಾಠವೆಂದು ಅವರಲ್ಲೊಬ್ಬ ಕೇಳಿದ. ತಾವು ಯಾರಿಂದ ಕೇಳಿದ್ದಿರಿ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಊಹೆಯೆಂದು ಒಪ್ಪಿಕೊಂಡೆನು. ಅವರು ಏನೂ ಅನ್ನಲಿಲ್ಲ. ಜೇಬಿನಿಂದ ಲೇಖನಿ ತೆಗೆದು ಆ ಶಬ್ದದ ಮುಂದೆ ‘ಗುರುಗಳ ಊಹೆ’ ಎಂದು ಬರೆದು ಆ ದಿನದ ತಾರೀಖನ್ನೂ ಹಾಕಿಕೊಂಡರು. ನನ್ನ ತಪ್ಪು ಎರಡು ತಲೆಮಾರು ದಾಟಿತ್ತು. ಅದನ್ನು ಹಿಡಿದು ನಿಲ್ಲಿಸಿದುದು ಒಬ್ಬ ಬಾಲಕನ ಪ್ರಶ್ನೆ ಮತ್ತು ಒಬ್ಬ ಶಿಷ್ಯರು ಜೋಪಾನಮಾಡಿದ ತಾರೀಖು. ಅಮಾಲಿ ಗ್ರಂಥಗಳ ವಿಷಯವನ್ನು ಓದಿದಾಗ ನನಗೆ ಮೊದಲು ನೆನಪಾದುದು ಆ ನೋಟು ಪುಸ್ತಕ.

ಹೇಳಿ ಬರೆಯಿಸುವುದು ಹಳೆಯ ಕಾಲದ ಪದ್ಧತಿ, ಬುದ್ಧಿಯನ್ನು ಜಡಗೊಳಿಸುವಂಥದು ಎಂಬ ಆಕ್ಷೇಪವನ್ನು ಶಿಕ್ಷಣತಜ್ಞರು ಎತ್ತುತ್ತಾರೆ. ಆ ಆಕ್ಷೇಪದಲ್ಲಿ ಸತ್ಯಾಂಶವಿದೆ. ಎಲ್ಲಿಂದ ಬಂತೆಂದು ಹೇಳದೆ ಬರೆಯಿಸಿ, ಕೇಳದಂತೆ ಬರೆದುಕೊಂಡು, ಪರೀಕ್ಷೆಯಲ್ಲಿ ಒಪ್ಪಿಸಿ ಮರೆತುಬಿಡುವ ಟಿಪ್ಪಣಿಗಳು ಜಡವೇ ಸರಿ. ಆದರೆ ಆ ದೋಷವು ಹೇಳುವುದರಲ್ಲಿಯೂ ಇಲ್ಲ, ಬರೆಯುವುದರಲ್ಲಿಯೂ ಇಲ್ಲ. ನಡುವೆ ಇರಬೇಕಾದ ಪ್ರಶ್ನೆಯು ಮಾಯವಾದುದರಲ್ಲಿದೆ. ‘ಯಾರಿಂದ ಕೇಳಿದಿರಿ?’ ಎಂದು ವಿದ್ಯಾರ್ಥಿಯು ನಿರ್ಭಯವಾಗಿ ಕೇಳಬಲ್ಲ ತರಗತಿಯಲ್ಲಿ, ‘ಇದು ನನ್ನ ಗುರುಗಳದು, ಇದು ಪುಸ್ತಕದ್ದು, ಇದು ನನ್ನ ಊಹೆ’ ಎಂದು ಅಧ್ಯಾಪಕರು ಬೇರ್ಪಡಿಸಿ ಹೇಳುವಲ್ಲಿ, ಉಕ್ತಲೇಖನವೂ ವಿದ್ಯೆಯಾಗುತ್ತದೆ.

ಈ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ, ಗುರುಗಳ ಮಾತನ್ನು ಬರೆದುಕೊಂಡ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಅವುಗಳ ಮೇಲೆ ವರ್ಷವನ್ನೂ ತರಗತಿಯನ್ನೂ ಗುರುಗಳ ಹೆಸರನ್ನೂ ನೆನಪಿದ್ದಷ್ಟು ಬರೆದಿಡಿ. ಸಾಧ್ಯವಾದರೆ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿ. ದಾನಿಗಳ ಔದಾರ್ಯದಿಂದ ಕಟ್ಟಡ ಎದ್ದಿದೆ, ಕಪಾಟುಗಳು ಬಂದಿವೆ. ಅವುಗಳಲ್ಲಿ ಅಚ್ಚಿನ ಪುಸ್ತಕಗಳ ಪಕ್ಕದಲ್ಲಿ ಇಂಥ ನೋಟು ಪುಸ್ತಕಗಳಿಗೂ ಒಂದು ಅಂಕಣವಿರಲಿ. ನಮ್ಮಲ್ಲಿ ಯಾರ ಪಾಠ ಗಟ್ಟಿ, ಯಾರದು ಜಳ್ಳು ಎಂಬುದನ್ನು ಮುಂದಿನವರು ತೂಗಿ ನೋಡಲಿ. ತೂಗಲು ಬರುವಂತೆ ಬಿಟ್ಟುಹೋಗುವುದಷ್ಟೇ ನಮ್ಮ ಕರ್ತವ್ಯ.